ಗ್ರೀಕ್ ಪ್ರಹಸನದ ಅನ್ಯಭಾಷೆ

ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ದೊರೆತು 1903ರಲ್ಲಿ ಅಚ್ಚಾದ ಗ್ರೀಕ್ ಪ್ರಹಸನದ ಸುದ್ದಿ ವಾಚಕರಿಗೆ ಹೊಸದಲ್ಲ. ಚಾರಿಷನ್ ಎಂಬ ಗ್ರೀಕ್ ಹೆಣ್ಣು ಭಾರತದ ಕಡಲತೀರದಲ್ಲಿ ಸೆರೆಯಾಗಿದ್ದಾಳೆ. ಅವಳ ಕಡೆಯವರು ರಾಜನಿಗೂ ಪರಿವಾರಕ್ಕೂ ಮದ್ಯ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ರಾಜನ ಕಡೆಯವರಾಡುವ ಹಲವು ಮಾತುಗಳು ಗ್ರೀಕ್ ಅಲ್ಲ.

ಅವು ಕನ್ನಡವೆಂದು 1904ರಲ್ಲಿ ಹುಲ್ಷ್ ಪಂಡಿತರು ವಾದಿಸಿದರು. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ಜಾಡಿನಲ್ಲಿ ನಡೆದರು. 1926ರಲ್ಲಿ ಬಾರ್ನೆಟ್ ಒಪ್ಪಲಿಲ್ಲ. ತುಳುವೆಂದವರೂ ಉಂಟು, ನಗಿಸಲೆಂದೇ ಕಟ್ಟಿದ ಕೃತಕ ಭಾಷೆಯೆಂದವರೂ ಉಂಟು.

ನಮ್ಮ ಅಭಿಮಾನಕ್ಕೆ ಮೊದಲನೆಯ ಮಾತೇ ರುಚಿ. ಆದರೆ ಗ್ರೀಕ್ ಲಿಪಿಯಲ್ಲಿ ಬರೆದು, ನಡುವೆ ಪದಗಳನ್ನು ಬಿಡಿಸದ ಆ ಸಾಲುಗಳಲ್ಲಿ ಹುಡುಕಿದವನಿಗೆ ಹುಡುಕಿದ ಭಾಷೆ ಸಿಕ್ಕೀತು. ವಿಮರ್ಶಕ ಕೇಳಬೇಕಾದುದು ಬೇರೆ: ನಾಟಕದಲ್ಲಿ ಈ ಮಾತಿನ ಕೆಲಸವೇನು? ಬಹುಮಟ್ಟಿಗೆ ನಗಿಸುವುದು. ಆದರೂ ಒಂದೆಡೆ ಒಬ್ಬ ಅದರ ಅರ್ಥ ಕೇಳುತ್ತಾನೆ. ಪಾಲಿಗಾಗಿ ಚೀಟಿ ಎತ್ತೋಣವೆನ್ನುತ್ತಿದ್ದಾನೆಂದು ಇನ್ನೊಬ್ಬ ಗ್ರೀಕಿನಲ್ಲಿ ತಿಳಿಸುತ್ತಾನೆ. ಅಷ್ಟುಹೊತ್ತು ಬರಿಯ ಸದ್ದಾಗಿದ್ದುದು ಆಗ ಮನುಷ್ಯನ ಮಾತಾಗುತ್ತದೆ. ಪ್ರಹಸನದ ಮೇಲಾದ ಗಳಿಗೆ ನನಗೆ ಅದೇ.

ಸರ್ಜಾಪುರದ ಬಸ್ಸುಗಳಲ್ಲಿ ಕನ್ನಡ, ತೆಲುಗು, ತಮಿಳು, ಹಿಂದಿ ಒಟ್ಟಿಗೇ ಕಿವಿಗೆ ಬೀಳುತ್ತವೆ. ಹೊರಗಿನಿಂದ ಬಂದವರ ಮಾತನ್ನು ನನ್ನ ವಿದ್ಯಾರ್ಥಿಗಳು ಅಣಕಿಸುವುದುಂಟು. ಅವರಿಗೆ ಈ ಕಥೆ ಹೇಳಿದೆ.

“ಅದು ಕನ್ನಡವೇನಾ, ಸಾರ್?” ಎಂದನೊಬ್ಬ.

“ಇರಲಿ, ಇಲ್ಲದಿರಲಿ, ಆ ಸಭೆ ನಕ್ಕದ್ದು ನಮ್ಮ ಕಡೆಯವರನ್ನು ನೋಡಿ, ಅಲ್ಲವೇನಯ್ಯ?” ಎಂದೆ.