ಹಿಮಕ್ಕೆ ಹೊರಟವರು ಕುರಿಂಜಾಲ್ ಹತ್ತಿ ಹೋಗಿ

ಮ್ಯೂನಿಕ್‌ನಲ್ಲೋ ಜ್ಯೂರಿಕ್‌ನಲ್ಲೋ ಕೆಲಸದಲ್ಲಿರುವ ಮಕ್ಕಳು ಅಪ್ಪ ಅಮ್ಮನನ್ನು ಈಗ ಬೇಸಿಗೆಗಿಂತ ಚಳಿಗಾಲಕ್ಕೇ ಹೆಚ್ಚು ಕರೆಯುತ್ತಿದ್ದಾರೆ. ಹಿಮ ನೋಡಬೇಕು, ಸಾಧ್ಯವಾದರೆ ಅದರ ಮೇಲೆ ನಡೆಯಬೇಕು. ನಮ್ಮ ಬೆಳ್ತಂಗಡಿ ತಾಲೂಕಿನ ನಾರಾವಿ, ವೇಣೂರು, ಅಳದಂಗಡಿ ಸುತ್ತಿನ ಮನೆಗಳಲ್ಲೂ ಈ ಮಾತು ಕೇಳಿಬರುತ್ತಿದೆ. ಐವತ್ತು ದಾಟಿದ ಮೇಲೆ ಸ್ಕೀ ಕಲಿಯುವುದು ಎಲ್ಲರಿಗೂ ಆಗದು. ಆದರೆ ಬೂಟಿನ ಅಡಿಗೆ ಅಗಲವಾದ ಸ್ನೋಶೂ ಬಿಗಿದು ನಡೆಯುವುದಕ್ಕೆ ವಿಶೇಷ ವಿದ್ಯೆ ಬೇಡ. ಕೆಸರುಗದ್ದೆಗೆ ಅಡಕೆ ದಬ್ಬೆ ಹಾಸಿ ದಾಟಿದಂತೆ, ಮೈಭಾರ ಹರಡಿಕೊಂಡು ಕಾಲು ಹೂತುಹೋಗದೆ ಉಳಿಯುತ್ತದೆ. ಕಷ್ಟವಿರುವುದು ಊರು ಆರಿಸುವುದರಲ್ಲಿ. ಯುರೋಪಿನಲ್ಲಿ ಹಿಮ ಬೀಳುವ ಬೆಟ್ಟಗಳಿಗೆ ಲೆಕ್ಕವಿಲ್ಲ, ಹೆಸರು ಕೇಳಿದ್ದು ಮಾತ್ರ ನಾಲ್ಕೈದು. ಕೇಳಿದ ಹೆಸರಿಗೇ ಟಿಕೆಟ್ ಮಾಡಿಸಿಬಿಡುತ್ತೇವೆ.

ಇದೇ ಆತುರವನ್ನು ನಮ್ಮ ಘಟ್ಟದಲ್ಲೂ ಕಾಣುತ್ತೇನೆ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬರುವವರಿಗೆ ಕುದುರೆಮುಖ ಶಿಖರವೇ ಬೇಕು. 1,890 ಮೀಟರಿಗೂ ತುಸು ಹೆಚ್ಚು ಎತ್ತರ, ಬುಡದ ಮುಳ್ಳೋಡಿಯಿಂದ ಹತ್ತಿ ಇಳಿಯುವುದಕ್ಕೆ ಇಡೀ ಹಗಲು ಬೇಕು. ದಾರಿಯ ನಡುವಿನ ಒಂಟಿಮರದ ತನಕ ಉತ್ಸಾಹ ಇರುತ್ತದೆ. ಆಮೇಲಿನ ಏರಿನಲ್ಲಿ ಮುಂದಿನವರ ಹಿಮ್ಮಡಿ ಬಿಟ್ಟು ಬೇರೇನೂ ಕಾಣದು. ಅದೇ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ, ಭಗವತಿ ಪ್ರಕೃತಿ ಶಿಬಿರದ ಬಳಿಯಿಂದ ಕುರಿಂಜಾಲ್‌ಗೆ ಹೋಗುವ ಹಳೆಯ ಜೀಪ್ ದಾರಿ ಇದೆ. ಶೋಲಾ ಕಾಡಿನ ನೆರಳಿನಲ್ಲಿ ಹದವಾಗಿ ಏರುತ್ತದೆ. ಮೇಲೆ ಬಂದಂತೆ ಮರಗಳು ಹಿಂದೆ ಸರಿದು ಹುಲ್ಲು ತೆರೆದುಕೊಳ್ಳುತ್ತದೆ, ತುದಿಯಲ್ಲಿ ಹಳೆಯ ಸಂಪರ್ಕ ಕೇಂದ್ರದ ಪಾಳು ಕಟ್ಟಡ ಸಿಗುತ್ತದೆ. ಕುದುರೆಮುಖಕ್ಕಿಂತ ಎಷ್ಟೋ ತಗ್ಗು. ಆದರೂ ಮೊದಲ ಸಲ ಘಟ್ಟ ಹತ್ತುವವರಿಗೆ ನಾನು ಹೇಳುವುದು ಕುರಿಂಜಾಲನ್ನೇ. ಅಲ್ಲಿ ತಲೆಯೆತ್ತಿ ನಡೆಯಬಹುದು. ಮಡಿಕೆಗಳಲ್ಲಿ ಕಾಡು, ದಿಣ್ಣೆಗಳ ಮೇಲೆ ಹುಲ್ಲು ಎಂಬ ಈ ಸೀಮೆಯ ರಚನೆ ಕಣ್ಣಿಗೆ ಅರ್ಥವಾಗುತ್ತದೆ. ನಡಿಗೆಯ ಸುಖ ಎತ್ತರದ ಅಂಕಿಯಲ್ಲಿಲ್ಲ, ಕಾಲಡಿಯ ನೆಲದಲ್ಲಿದೆ, ಆ ನೆಲ ಎಷ್ಟು ವಾಲಿದೆ ಎಂಬುದರಲ್ಲಿದೆ. ಹಿಮದ ಊರನ್ನೂ ಇದೇ ಕಣ್ಣಿನಿಂದ ಆರಿಸಬೇಕು.

ವಾಲುವಿಕೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಆಷಾಢದಲ್ಲಿ ನಮ್ಮ ಬೋಳುಗುಡ್ಡಗಳ ಹುಲ್ಲು ನೀರು ಕುಡಿದು ಊದಿಕೊಂಡಿರುತ್ತದೆ. ಕಡಿದಾದ ಜಾಗದಲ್ಲಿ ಕಾಲಿಟ್ಟರೆ ಹುಲ್ಲಿನ ಹೊದಿಕೆಯೇ ಕಿತ್ತು ಜಾರಬಹುದು. ಊರಿನವರು ಅಂಥಲ್ಲಿ ಅಡ್ಡ ಹಾಯುವುದಿಲ್ಲ, ದಿಣ್ಣೆಯ ಬೆನ್ನು ಹಿಡಿದೇ ನಡೆಯುತ್ತಾರೆ. ಹಿಮದ ಬೆಟ್ಟದಲ್ಲೂ ನಿಯಮ ಇದೇ, ಆದರೆ ತಪ್ಪಿದರೆ ಉಳಿಗಾಲ ಕಡಿಮೆ. 30 ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಪದರ ಪದರವಾಗಿ ಕೂತ ಹಿಮ ಒಂದು ಪದರದಿಂದ ಬಿಟ್ಟುಕೊಂಡು ಹಲಗೆಯಾಗಿ ಕೆಳಗೆ ನುಗ್ಗುತ್ತದೆ. ಅದನ್ನು ಕದಲಿಸಲು ಒಬ್ಬ ಮನುಷ್ಯನ ಭಾರ ಸಾಕು. ಇದಕ್ಕಾಗಿಯೇ ಆಲ್ಪ್ಸ್ ದೇಶಗಳು ಅಪಾಯವನ್ನು 1ರಿಂದ 5ರ ತನಕ ಅಳೆದು ಹಿಮಕುಸಿತದ ಮುನ್ಸೂಚನೆ ಕೊಡುತ್ತವೆ. 1993ರಿಂದ ಈ ಅಳತೆ ಯುರೋಪಿನುದ್ದಕ್ಕೂ ಒಂದೇ. ಸ್ವಿಟ್ಜರ್ಲೆಂಡಿನಲ್ಲಿ ದಾವೋಸ್‌ನ ಹಿಮ ಅಧ್ಯಯನ ಸಂಸ್ಥೆ ಚಳಿಗಾಲದುದ್ದಕ್ಕೂ ಸಂಜೆ ಸಂಜೆ ಮುನ್ಸೂಚನೆ ಹೊರಡಿಸುತ್ತದೆ. ಆಸ್ಟ್ರಿಯದ ಟಿರೋಲ್, ಇಟಲಿಯ ದಕ್ಷಿಣ ಟಿರೋಲ್, ಟ್ರೆಂಟಿನೊ ಪ್ರಾಂತ್ಯಗಳು 2018ರಿಂದ ಗಡಿ ಮರೆತು ಒಟ್ಟಾಗಿ ಹೊರಡಿಸುತ್ತಿವೆ. 3 ಎಂದರೆ ನಡುವಿನ ಅಂಕಿ, ಪರವಾಗಿಲ್ಲ ಎಂದುಕೊಳ್ಳಬೇಡಿ. ಅತಿ ಹೆಚ್ಚು ಸಾವು ಸಂಭವಿಸುವುದು ಆ ಹಂತದಲ್ಲೇ. 4 ಎಂದಾಗ ಜನ ಮನೆಯಲ್ಲಿ ಉಳಿಯುತ್ತಾರೆ, 3ಕ್ಕೆ ಹೊರಟುಬಿಡುತ್ತಾರೆ.

ಹಾಗಾಗಿ ಝೆರ್ಮಾಟ್, ಶಾಮೊನಿಗಳನ್ನು ನನ್ನ ಪಟ್ಟಿಯಲ್ಲಿ ಮೇಲೆ ಇಡುವುದಿಲ್ಲ. ಮ್ಯಾಟರ್‌ಹಾರ್ನ್, ಮೋಂ ಬ್ಲಾಂಗಳ ಬುಡದಲ್ಲಿ ನಿಂತು ನೋಡುವ ಭಾಗ್ಯ ದೊಡ್ಡದು. ಆದರೆ ಆ ಕಣಿವೆಗಳು ಇಕ್ಕಟ್ಟು, ಪಕ್ಕದ ಬರೆಗಳು ಕಡಿದು. ಅಲ್ಲಿ ಹೊಸಬರ ಕಾಲಿಗೆ ಸಿಗುವ ಸುರಕ್ಷಿತ ಹಾದಿ ಕಡಿಮೆ.

ನನ್ನ ಮೊದಲ ಆಯ್ಕೆ ಇಟಲಿಯ ಉತ್ತರ ತುದಿಯ ಆಲ್ಪೆ ದಿ ಸಿಯುಸಿ. ಡೊಲೊಮೈಟ್ ಬಂಡೆಗಳ ನಡುವೆ, ಸುಮಾರು 1,700ರಿಂದ 2,300 ಮೀಟರ್ ಎತ್ತರದಲ್ಲಿ, 50 ಚದರ ಕಿಲೋಮೀಟರಿಗೂ ಹೆಚ್ಚು ಹರಡಿದ ಹುಲ್ಲುಗಾವಲು ಅದು. ಬೇಸಿಗೆಯಲ್ಲಿ ದನ ಮೇಯುವ ಬಯಲೇ ಚಳಿಗಾಲದಲ್ಲಿ ಬಿಳಿಯಾಗುತ್ತದೆ. ಏರು ಇದೆ, ಆದರೆ ಅಲೆಅಲೆಯಾಗಿ. ಸಾಸೊಲುಂಗೊ, ಶಿಲಿಯಾರ್ ಬಂಡೆಗೋಡೆಗಳನ್ನು ದೂರದಿಂದ ನೋಡುತ್ತ ದಿನವಿಡೀ ನಡೆಯಬಹುದು. ಹಗಲಿನಲ್ಲಿ ಖಾಸಗಿ ಕಾರುಗಳಿಗೆ ಮೇಲಿನ ರಸ್ತೆ ಮುಚ್ಚಿರುತ್ತದೆ, ಕೇಬಲ್ ಕಾರು ಇಲ್ಲವೇ ಬಸ್ಸಿನಲ್ಲಿ ಏರಬೇಕು. ಅಲ್ಲಿನ ನಿಶ್ಶಬ್ದಕ್ಕೆ ಆ ಕಟ್ಟುಪಾಡೇ ಕಾರಣ. ಮ್ಯೂನಿಕ್‌ನಿಂದ ಬ್ರೆನ್ನರ್ ಕಣಿವೆ ದಾಟಿ ಬೊಲ್ಜಾನೊಗೆ ನೇರ ರೈಲಿದೆ, ಸುಮಾರು 4 ಗಂಟೆಯ ದಾರಿ. ಈ ಬಯಲಿರುವ ದಕ್ಷಿಣ ಟಿರೋಲ್‌ನ ಗಡಿಯಲ್ಲಿ, 3,134 ಮೀಟರ್ ಎತ್ತರದ ಹಿಮನದಿಯೊಂದರಲ್ಲಿ, 2003ರಲ್ಲಿ ಬರ್ಚ್ ಕಡ್ಡಿ ಬಾಗಿಸಿ ಹುರಿಯಿಂದ ಹೆಣೆದ ಸ್ನೋಶೂ ಸಿಕ್ಕಿತು. ಪರೀಕ್ಷಿಸಿದಾಗ ಸುಮಾರು 5,800 ವರ್ಷ ಹಳೆಯದೆಂದು ತಿಳಿಯಿತು. ಅಷ್ಟು ಎತ್ತರಕ್ಕೆ ಹಿಮ ತುಳಿದು ಹೋದ ಆ ಮನುಷ್ಯ ಬೇಟೆಗೆ ಹೋಗಿದ್ದನೋ, ಕುರಿಯ ಹಿಂದೆ ಹೋಗಿದ್ದನೋ ಎಂದು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ನಡುವಿನ ಜ್ಯೂರಾ ಬೆಟ್ಟಗಳು ಕಾಡು ಇಷ್ಟಪಡುವವರಿಗೆ. ಮರಗಳ ನಡುವೆ ಹಾದಿ, ತಗ್ಗು ದಿಣ್ಣೆಗಳು, ಹಿಮಕುಸಿತದ ಭಯ ಬಹಳ ಕಡಿಮೆ. ಆದರೆ ಎತ್ತರ ಕಡಿಮೆಯಾದ್ದರಿಂದ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಹಿಮ ಕೈಕೊಡುವ ವರ್ಷಗಳು ಹೆಚ್ಚುತ್ತಿವೆ. ಅಲ್ಲಿಯೇ ನೆಲೆಸಿದವರು ಹಿಮ ಬಿದ್ದ ವಾರ ನೋಡಿ ಹೊರಡಬಹುದು. ಮಂಗಳೂರಿನಿಂದ ಮೂರು ತಿಂಗಳು ಮೊದಲೇ ಟಿಕೆಟ್ ಮಾಡುವವರಿಗೆ ಹೇಳಲಾರೆ. ಫಿನ್‌ಲೆಂಡಿನ ಲ್ಯಾಪ್‌ಲೆಂಡ್‌ನಲ್ಲಿ ಹಿಮಕ್ಕೆ ಕೊರತೆಯಿಲ್ಲ, ಗುಡ್ಡಗಳೂ ದುಂಡಗೆ. ಹೆಸರುವಾಸಿ ಯುಲ್ಲಾಸ್ ಗುಡ್ಡದ ಎತ್ತರ 718 ಮೀಟರ್ ಮಾತ್ರ. ಆದರೆ ಡಿಸೆಂಬರ್ ಬೇಡ. ಆಗ ಅಲ್ಲಿ ಕೆಲವು ವಾರ ಸೂರ್ಯ ಮೂಡುವುದೇ ಇಲ್ಲ, ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯಬಹುದು. ಮಾರ್ಚ್ ಆದರೆ ಹಗಲು ಉದ್ದ, ಬಿಸಿಲೂ ಉಂಟು.

ಇನ್ನೊಂದು ಸಂಗತಿಯನ್ನು ನಾನು ಊರು ಆರಿಸುವಾಗ ತಪ್ಪದೆ ನೋಡುತ್ತೇನೆ: ಆ ಜಾಗ ತನ್ನನ್ನು ಕಾಯ್ದುಕೊಳ್ಳಲು ಏನು ಮಾಡಿದೆ? ಸ್ವಿಟ್ಜರ್ಲೆಂಡಿನಲ್ಲಿ ಸ್ನೋಶೂ ಹಾದಿಗೆ ಗುಲಾಬಿ ಬಣ್ಣದ ಗುರುತು. ಜೊತೆಗೆ ಚಳಿಗಾಲದಲ್ಲಿ ಮನುಷ್ಯರು ಹಾದಿ ಬಿಟ್ಟು ಕಾಲಿಡಬಾರದ ಪ್ರಾಣಿಗಳ ವಿಶ್ರಾಂತಿ ವಲಯಗಳಿವೆ. ಕಪ್ಪು ಗ್ರೌಸ್ ಎಂಬ ಕಾಡುಕೋಳಿ ಹಿಮದೊಳಗೆ ಗೂಡು ತೋಡಿಕೊಂಡು ಶಕ್ತಿ ಉಳಿಸುತ್ತದೆ. ನಮ್ಮ ಸದ್ದಿಗೆ ಬೆದರಿ ಪದೇ ಪದೇ ಹಾರಿದರೆ ವಸಂತದ ತನಕ ಉಳಿಯದು. ನಮ್ಮಲ್ಲೂ ಈ ತಿಳಿವಳಿಕೆ ಬರುತ್ತಿದೆ. 2024ರ ಜನವರಿಯ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಮಂದಿ ನುಗ್ಗಿದ ಮೇಲೆ ಅರಣ್ಯ ಇಲಾಖೆ ಚಾರಣವನ್ನು ತಡೆದು, ಆನ್‌ಲೈನ್ ಬುಕಿಂಗ್ ವ್ಯವಸ್ಥೆಗೆ ತಂದಿತು. ಕುದುರೆಮುಖಕ್ಕೆ ದಿನಕ್ಕೆ 300 ಜನರ ಮಿತಿ ಬಂತು. ಬೇಕಾದಾಗ ಟಿಕೆಟ್ ಸಿಗುವುದಿಲ್ಲ ಎಂದು ಬೇಸರಿಸುವವರಿದ್ದಾರೆ. ನನಗೆ ಆ ಮಿತಿ ಬೇಕು. ಕುದುರೆಮುಖದ ಕಾಡಿನಲ್ಲಿ ಸಿಂಗಳೀಕಗಳು ಮರದಿಂದ ಮರಕ್ಕೆ ಹೋಗುತ್ತಿರುತ್ತವೆ, 2005ರ ಕೊನೆಗೆ ಅಲ್ಲಿನ ಕಬ್ಬಿಣದ ಅದಿರಿನ ಗಣಿ ನಿಂತ ಮೇಲೆ ಹುಲ್ಲು ತನ್ನ ನೆಲವನ್ನು ಮರಳಿ ಹಿಡಿಯುತ್ತಿದೆ.

ನಾರಾವಿಗೆ ಅಂಟಿಕೊಂಡ ಕುತ್ಲೂರಿಗೆ 2024ರಲ್ಲಿ ಸಾಹಸ ಪ್ರವಾಸೋದ್ಯಮ ವಿಭಾಗದಲ್ಲಿ ಕೇಂದ್ರ ಸರ್ಕಾರದ ಅತ್ಯುತ್ತಮ ಪ್ರವಾಸಿ ಗ್ರಾಮ ಪ್ರಶಸ್ತಿ ಬಂತು. ಮಲೆಕುಡಿಯ ಸಮುದಾಯದವರು ತಲೆಮಾರುಗಳಿಂದ ನಡೆದ ಹಾದಿಗಳು ಅಲ್ಲಿವೆ. ಆ ಹಾದಿ ತೋರಿಸುವ ಕೂಲಿ ಊರಿನವರ ಕೈಗೇ ಸೇರಬೇಕು. ಹಿಮದ ಊರಿನಲ್ಲೂ ಮೊದಲ ದಿನ ಸ್ಥಳೀಯ ಮಾರ್ಗದರ್ಶಕರನ್ನು ಹಿಡಿಯಿರಿ, ಆ ದುಡ್ಡು ಉಳಿಸಲು ಹೋಗಬೇಡಿ. ಮುನ್ಸೂಚನೆಯ ಅಂಕಿಯನ್ನು ಕಣ್ಣೆದುರಿನ ಬರೆಗೆ ಹೊಂದಿಸಿ ನೋಡುವುದನ್ನು ಅವರಿಂದಲೇ ಕಲಿಯಬೇಕು.

ಹೊರಡುವ ಮೊದಲು ಡಿಸೆಂಬರ್ ಅಥವಾ ಜನವರಿಯಲ್ಲಿ ಕುರಿಂಜಾಲ್ ಹತ್ತಿ ಬನ್ನಿ. ಹುಲ್ಲು ಒಣಗಿ ಬೆಂಕಿಯ ಭಯ ಬಂದರೆ ಇಲಾಖೆ ಹಾದಿ ಮುಚ್ಚುತ್ತದೆ, ಫೆಬ್ರವರಿ ನಂಬಿ ಕೂರಬೇಡಿ. ಹತ್ತಿ ಇಳಿಯಲು ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಟ್ಟುಕೊಳ್ಳಿ. ಸ್ನೋಶೂ ಕಟ್ಟಿಕೊಂಡಾಗ ಅಷ್ಟೇ ಹೊತ್ತಿಗೆ ಅದರ ಅರ್ಧ ದೂರವನ್ನು ಮಾತ್ರ ಲೆಕ್ಕ ಹಾಕಿ. ಸ್ನೋಶೂ, ಊರುಗೋಲು ಎಲ್ಲವೂ ಅಲ್ಲಿ ಬಾಡಿಗೆಗೆ ಸಿಗುತ್ತವೆ. ಇಲ್ಲಿಂದ ಒಯ್ಯಬೇಕಾದ್ದು ನೀರು ಹಿಡಿಯದ, ಕಾಲಿಗೆ ಚೆನ್ನಾಗಿ ಪಳಗಿದ ಬೂಟು. ಹೊಸ ಬೂಟನ್ನು ಮೊದಲ ಸಲ ಹಿಮದಲ್ಲಿ ಹಾಕಿಕೊಂಡರೆ ಎರಡನೆಯ ದಿನ ಹೋಟೆಲ್ ಕೋಣೆಯಲ್ಲೇ ಕೂರಬೇಕಾಗುತ್ತದೆ.