ಕಾಣೆಯಾದ ಉಷ್ಣದ ಲೆಕ್ಕ

ಸ್ಪಿರಿಟ್ ದೀಪ ಹಚ್ಚಿ, ತಾಮ್ರದ ಕ್ಯಾಲೊರಿಮೀಟರಿನಲ್ಲಿ ನೀರು ಕಾಯಿಸಿ, ಇಂಧನದ ಕ್ಯಾಲೊರಿ ಮೌಲ್ಯ ಕಂಡುಹಿಡಿಯುವ ಪ್ರಯೋಗ ನಿಮಗೆ ಪರಿಚಿತ. ಉತ್ತರ ಕಡಿಮೆ ಬಂದಾಗ ‘ಉಷ್ಣ ನಷ್ಟವೇ ಕಾರಣ’ ಎಂದು ಒಂದು ಸಾಲು ಬರೆದು ಪುಸ್ತಕ ಮುಚ್ಚುತ್ತೇವೆ. ನನ್ನ ಆಕ್ಷೇಪ ಇರುವುದು ಈ ಸಾಲಿನ ಬಗ್ಗೆ.

ಲೆಕ್ಕ ಹಾಕಿ ನೋಡಿ. 1 ಗ್ರಾಂ ಎಥನಾಲ್ ಪೂರ್ಣವಾಗಿ ಉರಿದರೆ ಸುಮಾರು 29.7 ಕಿಲೋಜೂಲ್ ಉಷ್ಣ ಬಿಡುಗಡೆಯಾಗುತ್ತದೆ. ಅದರಿಂದ 200 ಗ್ರಾಂ ನೀರಿನ ತಾಪ 15 ಡಿಗ್ರಿ ಏರಿತೆನ್ನಿ. ನೀರು ಪಡೆದದ್ದು 200 × 4.18 × 15, ಅಂದರೆ ಸುಮಾರು 12.5 ಕಿಲೋಜೂಲ್. ಪಾತ್ರೆ 100 ಗ್ರಾಂ ತಾಮ್ರದ್ದಾದರೆ ಅದು ಹೀರಿದ್ದು ಸುಮಾರು 0.6 ಕಿಲೋಜೂಲ್. ನಾವು ಶ್ರದ್ಧೆಯಿಂದ ಕಲಿಸುವ ಪಾತ್ರೆಯ ತಿದ್ದುಪಡಿ ಇಷ್ಟೇ! ಉಳಿದ 16.6 ಕಿಲೋಜೂಲ್ ಎಲ್ಲಿ?

ಇದರಲ್ಲಿ ಹೆಚ್ಚಿನ ಪಾಲು ಪಾತ್ರೆಯ ಪಕ್ಕದಿಂದ ಮೇಲೇರಿದ ಬಿಸಿ ಅನಿಲಗಳ ಜೊತೆ ಹೋಗುತ್ತದೆ. ಸ್ವಲ್ಪ ವಿಕಿರಣದಿಂದ, ಸ್ವಲ್ಪ ಸ್ಟ್ಯಾಂಡಿನ ಮೂಲಕ ವಹನದಿಂದ ಹೋಗುತ್ತದೆ. ಆವಿಯಾದ ಪ್ರತಿ ಗ್ರಾಂ ನೀರು ಸುಮಾರು 2.4 ಕಿಲೋಜೂಲ್ ಒಯ್ಯುತ್ತದೆ. ಆದರೆ ಪಾತ್ರೆಯ ತಳದ ಮಸಿ ಉಷ್ಣ ನಷ್ಟವಲ್ಲ. ಅಪೂರ್ಣ ದಹನದಿಂದ ಹುಟ್ಟದೇ ಉಳಿದ ಉಷ್ಣದ ಗುರುತು. ದೀಪವನ್ನು ಮುಚ್ಚಳ ಹಾಕದೆ ಇಟ್ಟು ತೂಗಿದರೆ, ಆವಿಯಾದ ಸ್ಪಿರಿಟ್ಟೂ ಉರಿದ ಲೆಕ್ಕಕ್ಕೆ ಸೇರುತ್ತದೆ. ಇದು ತೂಕದ ದೋಷ. ಎಲ್ಲವನ್ನೂ ಒಂದೇ ಹೆಸರಿನಲ್ಲಿ ಕಟ್ಟಿಡುವುದು ಸರಿಯಲ್ಲ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಶಿಕ್ಷಕರಿಗೆ ಒಂದು ಅನುಕೂಲವಿದೆ. ಅಲ್ಲಿನ ಒಣ ಬೇಸಿಗೆಯಲ್ಲಿ ಮಣ್ಣಿನ ಹರವಿಯ ನೀರು ಕೊಠಡಿಯ ತಾಪಕ್ಕಿಂತ ಏಳೆಂಟು ಡಿಗ್ರಿ ತಣ್ಣಗಿರಬಲ್ಲದು. ಕೊಠಡಿ 36 ಡಿಗ್ರಿ ಇದ್ದರೆ, ನೀರನ್ನು 28.5ರಲ್ಲಿ ಕಾಯಿಸತೊಡಗಿ 43.5ರಲ್ಲಿ ನಿಲ್ಲಿಸಿ. ಮೊದಲರ್ಧದಲ್ಲಿ ಗಾಳಿಯಿಂದ ಬಂದ ಉಷ್ಣ, ಎರಡನೆಯ ಅರ್ಧದ ನಷ್ಟವನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ. ಇದು ರಮ್‌ಫರ್ಡ್ ತೋರಿದ ಉಪಾಯ. ಆದರೆ ಪಾತ್ರೆಗೆ ತಾಗದೆ ಹೋದ ಅನಿಲದ ಉಷ್ಣವನ್ನು ಇದು ಮರಳಿಸದು. ಅದಕ್ಕೆ ಜ್ವಾಲೆಯ ಸುತ್ತ ಗಾಳಿತಡೆ ಬೇಕು. ಬಾಂಬ್ ಕ್ಯಾಲೊರಿಮೀಟರಿನಲ್ಲಿ ನೀರಿನಲ್ಲಿ ಮುಳುಗಿದ ಉಕ್ಕಿನ ಮುಚ್ಚಿದ ಪಾತ್ರೆಯೊಳಗೇ ದಹನ ನಡೆಯುವುದು ಈ ಕಾರಣಕ್ಕಾಗಿ. ಅದನ್ನೂ ಗ್ರಾಮಿಗೆ ಸುಮಾರು 26.4 ಕಿಲೋಜೂಲ್ ಕೊಡುವ ಬೆಂಜೋಯಿಕ್ ಆಮ್ಲದಿಂದ ಪರೀಕ್ಷಿಸಿಕೊಂಡೇ ಬಳಸುತ್ತಾರೆ.

ಮೂರು ಕಲ್ಲಿನ ಒಲೆಯಲ್ಲೂ ಉಷ್ಣ ಸೋರುವುದು ಹೀಗೆಯೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ, ಬಿಸಿ ಅನಿಲಗಳನ್ನು ಮುಂದಿನ ಪಾತ್ರೆಗಳ ಕೆಳಗೆ ಹಾಯಿಸಿ ಸೌದೆ ಉಳಿಸಿತು. ನಷ್ಟದ ದಾರಿಗಳನ್ನು ಬೇರೆಬೇರೆಯಾಗಿ ಗುರುತಿಸಿದ್ದರಿಂದಲೇ ಇದು ಸಾಧ್ಯವಾಯಿತು.

ಶಿಕ್ಷಕರೇ, 29.7ಕ್ಕೆ ಹೊಂದುವಂತೆ ತಾಪಮಾಪಕದ ಅಂಕಿ ತಿದ್ದಿದ ವಿದ್ಯಾರ್ಥಿಗೆ ನಾವು ಅಂಕ ಕೊಡುತ್ತಿದ್ದೇವೆ. 12.5 ಎಂದು ಬರೆದು, ಉಳಿದದ್ದು ಎಲ್ಲಿ ಹೋಯಿತೆಂದು ವಿವರಿಸಿದವನಿಗೆ ಪೂರ್ಣ ಅಂಕ ಕೊಡಿ.