ಗೋಪುರದಷ್ಟು ಆಳಕ್ಕೆ ಬೆಟ್ಟದಷ್ಟು ಗಾಳ

ಚಾಮುಂಡಿ ಬೆಟ್ಟದ ತುದಿ ಮೈಸೂರು ಪೇಟೆಗಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ಬೆಟ್ಟದ ಮೇಲಿನ ದೇವಸ್ಥಾನದ ಏಳಂತಸ್ತಿನ ಗೋಪುರದ ಎತ್ತರ ಸುಮಾರು 40 ಮೀಟರ್. ಕಡಲಿನ ಗಾಳದ ಬಗ್ಗೆ ಬರೆಯಲು ಕೂತವನಿಗೆ ಬೆಟ್ಟದ ಉಸಾಬರಿ ಯಾಕೆ ಎಂದು ಕೇಳಬಹುದು. ಒಳನಾಡಿನ ನಮಗೆ ಆಳದ ಅಂದಾಜು ಸಿಗಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ತೋಚಿಲ್ಲ. ಜಪಾನಿನ ಜಿಗ್ಗಿಂಗ್ ವಿಡಿಯೊಗಳಲ್ಲಿ 200, 300 ಮೀಟರ್ ನೀರಿಗೆ ಜಿಗ್ ಇಳಿಸುವುದನ್ನು ನೋಡುತ್ತೇವೆ. ಅಂದರೆ ದೇವಸ್ಥಾನದ ಅಂಗಳದಿಂದ ಊರಿನೊಳಕ್ಕೆ. ಮಲ್ಪೆಯಿಂದಲೋ ಮುರುಡೇಶ್ವರದಿಂದಲೋ ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ನಮ್ಮ ದೋಣಿ ನಿಲ್ಲುವುದು ಹೆಚ್ಚೆಂದರೆ ಗೋಪುರದ ಎತ್ತರದಷ್ಟು ನೀರಿನಲ್ಲಿ, ಎಷ್ಟೋ ಸಲ ಅದಕ್ಕೂ ಕಡಿಮೆ ಆಳದಲ್ಲಿ. ಮೈಸೂರು, ಬೆಂಗಳೂರಿನ ಹವ್ಯಾಸಿಗಳ ಖರೀದಿಯೂ ಕಲಿಕೆಯೂ ಈ ವ್ಯತ್ಯಾಸವನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ ಎಂಬುದು ನನ್ನ ತಕರಾರು.

ಗೊತ್ತಿಲ್ಲದವರಿಗೆ ಎರಡು ಮಾತು. ಜಿಗ್ ಎಂದರೆ ಮೀನಿನ ಆಕಾರದ, ಹೆಚ್ಚಾಗಿ ಸೀಸದಲ್ಲಿ ಎರಕ ಹೊಯ್ದ ಲೋಹದ ತುಂಡು. ಹಿಟ್ಟು, ಹುಳು, ಸಿಗಡಿ ಯಾವುದೂ ಬೇಡ. ದೋಣಿಯಿಂದ ನೇರ ಕೆಳಕ್ಕೆ ಬಿಟ್ಟು, ತಳ ಮುಟ್ಟಿಸಿ, ಎತ್ತಿ ಬೀಳಿಸುತ್ತ ಮೇಲಕ್ಕೆ ತರುವುದು. ಗಾಯಗೊಂಡ ಮರಿಮೀನು ಒದ್ದಾಡುತ್ತಿದೆ ಎಂದು ದೊಡ್ಡ ಮೀನು ನಂಬಬೇಕು, ಅಷ್ಟೇ. ಇದರಲ್ಲಿ ಎರಡು ಮುಖ್ಯ ಪಂಥಗಳಿವೆ. ಒಂದು, ರಾಡನ್ನು ಜಗ್ಗುತ್ತ ರೀಲನ್ನು ರಭಸವಾಗಿ ಸುತ್ತುವ ಹಳೆಯ ವೇಗದ ಪಂಥ. ಇನ್ನೊಂದು, ಜಪಾನಿನ ನೊರಿಹಿರೊ ಸಾಟೊ ಹೆಸರಿನೊಂದಿಗೆ ಪ್ರಸಿದ್ಧವಾದ ನಿಧಾನದ ಪಂಥ, ಸ್ಲೋ ಪಿಚ್. ಮೊದಲನೆಯದಕ್ಕೆ ತೋಳಿನ ಬಲ ಬೇಕು, ಹತ್ತು ನಿಮಿಷಕ್ಕೆ ಏದುಸಿರು ಬರುತ್ತದೆ. ಎರಡನೆಯದಕ್ಕೆ ತಾಳ್ಮೆ ಬೇಕು, ಮತ್ತು ಅಂಗಡಿಯವರ ಪ್ರಕಾರ ಬಹಳಷ್ಟು ದುಡ್ಡು ಬೇಕು.

ಮೈಸೂರಿಗೆ ಗಾಳ ಹೊಸದೇನಲ್ಲ. ಪ್ರಾಣಿಗಳ ಚರ್ಮ ಹದಮಾಡಿ ಜೀವಂತ ನಿಂತಂತೆ ಕಾಣಿಸುವ ಕಸುಬಿಗೆ ಜಗತ್ತಿನಾದ್ಯಂತ ಹೆಸರಾಗಿದ್ದ ವ್ಯಾನ್ ಇಂಗೆನ್ ಮನೆತನ ಈ ಊರಿನದು. ಆ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಎಳೆದ ಮಹಶೀರ್ 120 ಪೌಂಡ್ ತೂಗಿತ್ತು, ಎಂದರೆ 54 ಕಿಲೊ. ಆಮೇಲಿನ ತಲೆಮಾರು ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯ ಶಿಬಿರಗಳಲ್ಲಿ ರಾಗಿ ಹಿಟ್ಟಿನ ಉಂಡೆ ಕಟ್ಟಿ ಕಾವೇರಿಯ ಮಡುಗಳಿಗೆ ಎಸೆದು ಕಾದು ಕೂತಿತು. ವನ್ಯಜೀವಿ ಕಾಯ್ದೆಯ ಕಾರಣಕ್ಕೆ ವನ್ಯಧಾಮದೊಳಗಿನ ಆ ಆಟ ನಿಂತಿತು. 2018ರಲ್ಲಿ ಕಾವೇರಿಯ ಗೂನುಬೆನ್ನಿನ ಮಹಶೀರ್ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ನದಿಯಲ್ಲಿ ಪಳಗಿದ ಕೈಗಳು ಈಗ ಘಟ್ಟ ಇಳಿಯುತ್ತಿವೆ. ಜೊತೆಗೆ ನದಿಯ ಅಭ್ಯಾಸಗಳೂ ಇಳಿದುಬರುತ್ತವೆ, ಅದೇ ತೊಂದರೆ.

ಕಾವೇರಿಯಲ್ಲಿ ಮೀನು ಕಚ್ಚಿದೊಡನೆ ರಾಡನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿಯಬೇಕಿತ್ತು. ಇಲ್ಲದಿದ್ದರೆ ಬಂಡೆಗಳ ನಡುವೆ ದಾರ ಉಜ್ಜಿ ತುಂಡಾಗುತ್ತಿತ್ತು. ಸ್ಲೋ ಪಿಚ್ ರಾಡನ್ನು ಹಾಗೆ ಎತ್ತಿದರೆ ಮುರಿಯುತ್ತದೆ. ಆ ಸಣಕಲು ಕಾರ್ಬನ್ ರಾಡ್ ಇರುವುದು ಜಿಗ್ ಎತ್ತುವುದಕ್ಕೆ, ಮೀನನ್ನು ಎತ್ತುವುದಕ್ಕಲ್ಲ. ಹಿಡಿಯನ್ನು ಕಾಲು ಸುತ್ತೋ ಅರ್ಧ ಸುತ್ತೋ ತಿರುಗಿಸಿದರೆ ರಾಡ್ ಬಾಗುತ್ತದೆ, ಬಾಗಿದ್ದು ನೆಟ್ಟಗಾಗುವಾಗ ಜಿಗ್ ಮೇಲಕ್ಕೆ ಚಿಮ್ಮಿ ಅಡ್ಡ ತಿರುಗುತ್ತದೆ. ಮೀನು ಸಿಕ್ಕಮೇಲೆ ರಾಡಿನ ತುದಿಯನ್ನು ನೀರಿನತ್ತ ತಗ್ಗಿಸಿ, ರೀಲಿನಿಂದಲೇ ಮೀನನ್ನು ತರಬೇಕು. ಬೆಲೆಬಾಳುವ ರಾಡ್ ಮುರಿಸಿಕೊಂಡವರೆಲ್ಲ ಕಂಪನಿಗೆ ಬೈಯುತ್ತಾರೆ. ಮುರಿದದ್ದು ಹೆಚ್ಚಾಗಿ ನದಿಯ ಕೈ.

ಇನ್ನು ಸಲಕರಣೆ. ನಮ್ಮವರು ರಾಡಿನಿಂದ ಶುರುಮಾಡಿ ಜಿಗ್‌ಗೆ ಬರುತ್ತಾರೆ. ಅದು ತಲೆಕೆಳಗಾದ ಕ್ರಮ. ಆಳ ಗೊತ್ತಾದರೆ ಜಿಗ್‌ನ ತೂಕ ಗೊತ್ತಾಗುತ್ತದೆ, ಜಿಗ್ ಗೊತ್ತಾದರೆ ದಾರ, ಕೊನೆಗೆ ರಾಡು. ಮೀಟರಿಗೆ ಎರಡೂವರೆಯಿಂದ ಮೂರು ಗ್ರಾಂ ಎಂದು ಹಿಡಿದರೆ 40 ಮೀಟರ್ ನೀರಿಗೆ 100ರಿಂದ 120 ಗ್ರಾಂ ಸಾಕು. ನೀರಿನ ಸೆಳೆತ ಜೋರಾಗಿದ್ದ ದಿನ 150. ಇನ್ನೂ ಕಡಿಮೆ ನೀರಿಗೆ 60, 80. ಹೀಗಿರುವಾಗ 300 ಗ್ರಾಂನ ಜಿಗ್ಗುಗಳನ್ನೂ ಅವನ್ನು ಎತ್ತಬಲ್ಲ ರಾಡನ್ನೂ ಕೊಂಡುತಂದವರು ಅಂಡಮಾನಿಗೆ ಹೊರಟಿದ್ದರೆ ಸರಿ. ಲಕ್ಷದ್ವೀಪದಲ್ಲೂ ದಡ ಬಿಟ್ಟ ಸ್ವಲ್ಪ ದೂರಕ್ಕೇ ಕಡಲು ಧುಮುಕುತ್ತದೆ. ಕರ್ನಾಟಕದ ಕರೆ ಹಾಗಲ್ಲ, ಇಲ್ಲಿ ಕಡಲತಳ ಹತ್ತಾರು ಕಿಲೋಮೀಟರ್‌ವರೆಗೆ ನಿಧಾನವಾಗಿ ಜಾರುತ್ತ ಹೋಗುತ್ತದೆ. ಭಾರದ ಜಿಗ್ ನಮ್ಮ ನೀರಿನಲ್ಲಿ ಅಲುಗಾಡದೆ ಬಿದ್ದು ತಳ ಸೇರುತ್ತದೆ. ಅದರಲ್ಲಿ ಮೀನಿಗೆ ನೋಡುವಂಥದ್ದು ಏನೂ ಇಲ್ಲ.

ಆಕಾರದಲ್ಲಿ ಎರಡು ಬಗೆ ಇದ್ದರೆ ಆಯಿತು. ಚೂರಿಯಂತೆ ಉದ್ದನೆಯದು ಬೇಗ ಇಳಿಯುತ್ತದೆ, ನಡುನೀರಿನಲ್ಲಿ ಓಡುವ ಅಂಜಲ್, ಕೇದರಕ್ಕೆ ಹೊಂದುತ್ತದೆ. ಗಿಡ್ಡ, ಅಗಲ, ನಡುವೆ ಭಾರ ಇರುವುದು ಹೊಯ್ದಾಡುತ್ತ ಬೀಳುತ್ತದೆ, ಕಲ್ಲಿನ ಸಂದಿಯ ಮುರು ಮೀನಿಗೆ ಅದು. ಬಣ್ಣದ ವಿಚಾರಕ್ಕೆ ಅಂಗಡಿಯವರು ಕೊಡುವಷ್ಟು ಹೊತ್ತನ್ನು ನಾನು ಕೊಡಲಾರೆ. ಆಳಕ್ಕಿಳಿದಂತೆ ಎಲ್ಲಕ್ಕಿಂತ ಮೊದಲು ಮಾಯವಾಗುವ ಬಣ್ಣ ಕೆಂಪು, ಅಂಗಡಿಯಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದೂ ಅದೇ.

ದಾರದ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಹೆಣೆದ ಪಿಇ ದಾರ ತೆಳ್ಳಗಿದ್ದಷ್ಟೂ ಸೆಳೆತಕ್ಕೆ ಸಿಗುವುದು ಕಡಿಮೆ. ಪಿಇ 2ರ ದಪ್ಪ ಹೆಚ್ಚುಕಡಿಮೆ 0.23 ಮಿಲಿಮೀಟರ್, ಪಿಇ 4ರದ್ದು 0.33. ಕೇಳಲು ಅಲ್ಪ ವ್ಯತ್ಯಾಸ, ಆದರೆ ಶೇಕಡ 40ರಷ್ಟು ದಪ್ಪನೆಯ ದಾರವನ್ನು ನೀರು ಅಷ್ಟೇ ಹೆಚ್ಚಾಗಿ ತಳ್ಳುತ್ತದೆ. ದೋಣಿಯಿಂದ ದಾರ ಓರೆಯಾಗಿ ಹೋಯಿತೆಂದರೆ ಜಿಗ್ ನೆಟ್ಟಗೆ ಏಳುವುದಿಲ್ಲ, ಸುಮ್ಮನೆ ಪಕ್ಕಕ್ಕೆ ಎಳೆದಾಡುತ್ತದೆ. 'ದೊಡ್ಡ ಮೀನು ಬಂದರೆ?' ಎಂಬ ಹೆದರಿಕೆಯಿಂದ ದಪ್ಪ ದಾರ ಸುತ್ತಿಸಿಕೊಂಡವರಿಗೆ ದೊಡ್ಡದೂ ಬರುವುದಿಲ್ಲ, ಚಿಕ್ಕದೂ ಬರುವುದಿಲ್ಲ. ನಮ್ಮ ಕಡಲಿಗೆ ಪಿಇ 2, ತುದಿಗೆ ಎಫ್‌ಜಿ ಗಂಟಿನಲ್ಲಿ ಕಟ್ಟಿದ 40 ಪೌಂಡಿನ ಫ್ಲೋರೋಕಾರ್ಬನ್ ಲೀಡರ್. ರೀಲು 5000 ಅಳತೆಯ ಸಾದಾ ಸ್ಪಿನ್ನಿಂಗ್ ರೀಲ್ ಆದರೂ ನಡೆಯುತ್ತದೆ. ಸ್ಲೋ ಪಿಚ್‌ಗೆಂದೇ ಮಾಡಿದ ಕಿರಿದಾದ ಓವರ್‌ಹೆಡ್ ರೀಲು ಚೆನ್ನಾಗಿದೆ, ಒಪ್ಪುತ್ತೇನೆ, ಆದರೆ ಗೋಪುರದ ಆಳಕ್ಕೆ ಅದು ಅನಿವಾರ್ಯವಲ್ಲ.

ಅಂಜಲ್‌ನ ಹಲ್ಲಿನ ಬಗ್ಗೆ ಯಾವ ಜಪಾನಿ ವಿಡಿಯೊವೂ ನಮಗೆ ಎಚ್ಚರಿಕೆ ಹೇಳುವುದಿಲ್ಲ. ಜಿಗ್‌ನ ಹುಕ್ಕುಗಳು ಕಿರುದಾರಕ್ಕೆ ಕಟ್ಟಿ ಮೇಲ್ತುದಿಯಲ್ಲಿ ನೇತಾಡುತ್ತಿರುತ್ತವೆ. ಅಂಜಲ್ ಅಡ್ಡ ಕಚ್ಚಿದರೆ ಕಿರುದಾರ, ಲೀಡರ್ ಎರಡೂ ಕತ್ತರಿ ಹಾಕಿದಂತೆ ಹೋಗುತ್ತವೆ, ಜಿಗ್ ಕಡಲ ಪಾಲು. ಅಂಜಲ್ ಓಡಾಡುವ ದಿನ ಗೇಣುದ್ದ ತಂತಿ ಸೇರಿಸಬೇಕು, ಜಿಗ್‌ನ ಕುಣಿತ ತುಸು ಕೆಟ್ಟರೂ ಸರಿಯೇ. ಶುದ್ಧ ಶೈಲಿಯವರು ಮೂಗು ಮುರಿಯುತ್ತಾರೆ. ಮುರಿಯಲಿ.

ಕಲಿಕೆಯ ವಿಷಯಕ್ಕೆ ಬಂದರೆ ನನ್ನ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ವಿಡಿಯೊದಲ್ಲಿ ಕಾಣುವುದು ಎತ್ತುವ ಕೈ. ಮೀನು ಕಚ್ಚುವುದು ಹೆಚ್ಚಾಗಿ ಜಿಗ್ ಬೀಳುವಾಗ, ಆ ಬೀಳುವಿಕೆ ಕ್ಯಾಮೆರಾಕ್ಕೆ ಸಿಗುವುದಿಲ್ಲ. ಹಾಗಾಗಿ ಕಲಿಯುವವರೆಲ್ಲ ಎತ್ತುವ ಭಂಗಿಯನ್ನು ಅನುಕರಿಸಿ ಬೀಳಿಸುವುದನ್ನು ಬಿಟ್ಟುಬಿಡುತ್ತಾರೆ. ದಾರ ಬಿಟ್ಟಾಗ ಏನಾಗುತ್ತದೆ ನೋಡಿ. ಪಿಇ ದಾರದ ಬಣ್ಣ 10 ಮೀಟರಿಗೊಮ್ಮೆ ಬದಲಾಗುತ್ತದೆ. ನೀಲಿ ಮುಗಿದು ಕಿತ್ತಳೆ, ಕಿತ್ತಳೆ ಮುಗಿದು ಹಸಿರು, ಬೆರಳನ್ನು ಸ್ಪೂಲಿನ ಅಂಚಿಗೆ ಸೋಕಿಯೂ ಸೋಕದಂತೆ ಹಿಡಿದಿರಬೇಕು. ನಾಲ್ಕನೇ ಬಣ್ಣದ ಕೊನೆಗೆ ಬರುವಷ್ಟರಲ್ಲಿ ಬಿಗಿ ಹೋಗಿ ದಾರ ನೀರಿನ ಮೇಲೆ ಸಡಿಲಾಗಿ ಬೀಳುತ್ತದೆ. ಅದು ತಳ. ತಡಮಾಡಿದರೆ ಜಿಗ್ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ, ತಕ್ಷಣ ಎರಡು ಸುತ್ತು ಎತ್ತಬೇಕು. 40 ಮೀಟರ್ ನೀರಿನಲ್ಲಿ ದಾರ ಮೂರನೇ ಬಣ್ಣಕ್ಕೇ ಸಡಿಲವಾಯಿತೋ, ಅದು ತಳವಲ್ಲ, ಮೀನು. ಹೊಸಬರು ಈ ಕಡಿತವನ್ನೇ ಕಳೆದುಕೊಳ್ಳುವುದು. ಬೀಳುವಾಗ ದಾರವನ್ನು ಪೂರ್ತಿ ಬಿಗಿಹಿಡಿದರೆ ಜಿಗ್ ಹೊರಳಾಡುವುದಿಲ್ಲ, ಪೂರ್ತಿ ಸಡಿಲ ಬಿಟ್ಟರೆ ಹುಕ್ಕು ಹೋಗಿ ಲೀಡರಿಗೆ ಸುತ್ತಿಕೊಳ್ಳುತ್ತದೆ. ಇವೆರಡರ ನಡುವಿನ ಹದವೇ ಈ ವಿದ್ಯೆ. ಉಳಿದದ್ದು ಸಾಮಾನು.

ಈ ಹದವನ್ನು ನಮ್ಮ ಕರಾವಳಿಯಲ್ಲಿ ಕಲಿಸಬಲ್ಲವರು ಇದ್ದಾರೆ. ಮೊಗವೀರರಲ್ಲಿ, ಖಾರ್ವಿಗಳಲ್ಲಿ ಕೈಗಾಳ ಹಾಕುವ ಹಿರಿಯರಿಗೆ ರಾಡೂ ಇಲ್ಲ, ರೀಲೂ ಇಲ್ಲ. ತೋರುಬೆರಳಿನ ಮೇಲೆ ದಾರ ಹಾಯಿಸಿಕೊಂಡು ಕೆಳಗಿರುವುದು ಮರಳೋ ಕಲ್ಲೋ ಹೇಳುತ್ತಾರೆ. ಎತ್ತಿ ಬೀಳಿಸುವ ಗಾಳವೂ ಇಲ್ಲಿಗೆ ಜಪಾನಿನಿಂದಲೇ ಬರಬೇಕಿರಲಿಲ್ಲ. ತಮಿಳುನಾಡಿನ ಕಡೆಯ ಗಾಳದವರು ತೆಂಗಿನ ಹೊಂಬಾಳೆಗಳನ್ನು ಕಟ್ಟಿ ನಮ್ಮ ಕಡಲಿಗಿಳಿಸಿ, ಅದರ ಆಸರೆಗೆ ಬಂದ ಕಪ್ಪೆ ಬೊಂಡಾಸನ್ನು (ಕಟಲ್‌ಫಿಶ್) ಕೈ ಜಿಗ್‌ನಲ್ಲಿ ಎತ್ತುವ ಕ್ರಮ ತಂದರು. ಬೊಂಡಾಸ್ ಅಲ್ಲಿಗೆ ಬರುವುದು ಮೊಟ್ಟೆ ಇಡಲಿಕ್ಕೆ. ಟ್ರಾಲ್ ದೋಣಿಯವರೊಂದಿಗೆ ಜಗಳವೂ ಆಯಿತು, ಮೊಟ್ಟೆಗಳ ಗತಿಯೇನು ಎಂಬ ಪ್ರಶ್ನೆಯೂ ಎದ್ದಿತು. ಬಲೆಗಿಂತ ಗಾಳ ಸಾಧು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಎಲ್ಲಿ, ಯಾವಾಗ ಇಳಿಸಿದ ಗಾಳ ಎಂದು ಕೇಳಿಯೇ ಹಾಗೆ ಹೇಳಬೇಕು.

ಹವ್ಯಾಸಿಗಳ 'ಹಿಡಿದು ಬಿಡುತ್ತೇವೆ' ಎಂಬ ಹೆಮ್ಮೆಗೂ ಇದೇ ಮಾತು. ಕಾವೇರಿಯ ಶಿಬಿರಗಳಲ್ಲಿ ಹಿಡಿದ ಮಹಶೀರನ್ನು ಬಿಡುವುದು ನಿಯಮವಾಗಿತ್ತು. ಬಿಟ್ಟ ಮೀನು ಈಜಿ ಹೋಗುತ್ತಿತ್ತು, ನಾವು ನೋಡುತ್ತಿದ್ದೆವು. 40 ಮೀಟರ್ ಕೆಳಗಿನಿಂದ ಸರ್ರನೆ ಎಳೆದು ತಂದ ಮುರುವಿಗೆ ಹಾಗಾಗುವುದಿಲ್ಲ. ಮೇಲೆ ಬಂದಂತೆ ಒತ್ತಡ ಇಳಿದು ಅದರ ಗಾಳಿಚೀಲ ಉಬ್ಬುತ್ತದೆ, ಕೆಲವೊಮ್ಮೆ ಹೊಟ್ಟೆ ಬಾಯಿಂದ ಹೊರಬರುತ್ತದೆ. ಫೋಟೊ ತೆಗೆದು ನೀರಿಗೆ ಬಿಟ್ಟರೆ ಬೆನ್ನಡಿಯಾಗಿ ತೇಲುತ್ತದೆ. ಹೊರಬಂದ ಹೊಟ್ಟೆಗೆ ಸೂಜಿ ಚುಚ್ಚುವವರನ್ನು ಕಂಡಿದ್ದೇನೆ. ಅದು ಉಪಕಾರವಲ್ಲ, ಕೊಲೆ. ಬಿಡಲೇಬೇಕೆಂದರೆ ಭಾರದ ತೂಕ ಕಟ್ಟಿದ ಕ್ಲಿಪ್ಪಿನಲ್ಲಿ ಮೀನನ್ನು ಮತ್ತೆ ಆಳಕ್ಕೆ ಇಳಿಸಿ ಅಲ್ಲಿ ಬಿಡಿಸಬೇಕು. ಮುರುವಿನಲ್ಲಿ ಇನ್ನೊಂದು ತೊಡಕಿದೆ. ಅದರ ಬಹುಪಾಲು ಜಾತಿಗಳು ಹೆಣ್ಣಾಗಿ ಬೆಳೆದು ದೊಡ್ಡದಾದ ಮೇಲೆ ಗಂಡಾಗುತ್ತವೆ. ಒಂದು ಕಲ್ಲಿನಿಂದ ದೊಡ್ಡ ಮುರುಗಳನ್ನೇ ಆರಿಸಿ ತೆಗೆದರೆ ಅಲ್ಲಿನ ಗಂಡುಗಳನ್ನೇ ತೆಗೆದಂತೆ. ಆದ್ದರಿಂದ ಊಟಕ್ಕೆ ಎರಡು ಮಧ್ಯಮ ಗಾತ್ರದವು ಸಿಕ್ಕಮೇಲೆ ಕಲ್ಲಿನ ಜಾಗ ಬಿಟ್ಟು ನಡುನೀರಿಗೆ ಹೋಗುವವನನ್ನು ನಾನು ಒಳ್ಳೆಯ ಗಾಳಗಾರ ಎನ್ನುತ್ತೇನೆ, ದಿನವಿಡೀ ಹಿಡಿದು ಬಿಟ್ಟವನನ್ನಲ್ಲ.

ಒಟ್ಟಿನಲ್ಲಿ ಜಿಗ್ಗಿಂಗ್ ನಮ್ಮ ಕಡಲಿಗೆ ಒಗ್ಗುವ ವಿದ್ಯೆಯೇ, ಅದರ ಹಗುರ ರೂಪದಲ್ಲಿ. ನಿಧಾನದ ಪಂಥಕ್ಕೆ ನನ್ನ ಓಟು, ಅದರ ಬೆಲೆಪಟ್ಟಿಗಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ, ಮಳೆಗಾಲದ ಆ ಕಡಲಿನಲ್ಲಿ ಹವ್ಯಾಸಿಗೂ ಕೆಲಸವಿಲ್ಲ. ಆ ಎರಡು ತಿಂಗಳು ಮೈಸೂರಿನಲ್ಲೇ ಕೂತು ಎಫ್‌ಜಿ ಗಂಟು ಕಟ್ಟುವುದನ್ನು ಕಲಿಯಿರಿ, ಒದ್ದೆ ಕೈಯಲ್ಲಿ, ಅಲುಗಾಡುವ ಕುರ್ಚಿಯ ಮೇಲೆ. 100 ಗ್ರಾಂನ ಎರಡು ಜಿಗ್ ಕೊಳ್ಳಿ. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ದೋಣಿಯ ತಾಂಡೇಲರಿಗೆ ಫೋನ್ ಮಾಡಿ ಎಷ್ಟು ನೀರಿಗೆ ಕರೆದೊಯ್ಯುತ್ತೀರಿ ಎಂದು ಕೇಳಿ. ರಾಡಿನ ಅಂಗಡಿಗೆ ಹೋಗುವುದು ಆಮೇಲೆ.